ಗೊಬ್ಬರ ಕಳಿಯುವ ತನಕ

ಬಟ್ಟೆ ಅಂಗಡಿಯವನಿಗೂ ಬಂಗಾರದ ಅಂಗಡಿಯವನಿಗೂ ಹೇಳಿಕೊಳ್ಳುವುದಕ್ಕೆ ಇಂಥ ಕತೆಗಳಿರುವುದಿಲ್ಲ. ಸಗಣಿಗೆ ಕೈಹಾಕಿದವನಿಗೆ ಮಾತ್ರ ದಿನಕ್ಕೊಂದು ಆಗುತ್ತಲೇ ಇರುತ್ತದೆ. ಒಂದರ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ಎಪ್ಪತ್ತರ ದಶಕದ ಮಾತು. ಮದ್ದೂರಿನ ಪೇಟೆಯಲ್ಲಿ ನನ್ನದೊಂದು ಗೊಬ್ಬರದ ಅಂಗಡಿ. ಇದ್ದಕ್ಕಿದ್ದ ಹಾಗೆ ಸೀಮೆಗೊಬ್ಬರಕ್ಕೆ ಬರ ಬಂತು. ಲಾರಿ ಬರುತ್ತದೆ ಅನ್ನುವ ಸುದ್ದಿ ದಿನಾ ಬರುತ್ತಿತ್ತು, ಲಾರಿ ಬರುತ್ತಿರಲಿಲ್ಲ. ಖಾಲಿ ಅಂಗಡಿಯಲ್ಲಿ ಕೂತು ತಕ್ಕಡಿಯ ಮೇಲಿನ ನೊಣ ಓಡಿಸುವುದು ನನ್ನ ಕೈಲಾಗದ ಕೆಲಸ. ಕೂತರೆ ಕಾಲು ಅಲ್ಲಾಡುತ್ತಿತ್ತು, ನಿಂತರೆ ಮನಸ್ಸು. ಇದರ ಮೇಲೆ ನನ್ನ ಮಾವನವರು. ಮಂಡ್ಯದಲ್ಲಿ ಬೆಲ್ಲದ ಮಂಡಿ ಇಟ್ಟಿದ್ದವರು. ಭಾನುವಾರಕ್ಕೊಂದು ಸಲ ಬಸ್ಸಿನಲ್ಲಿ ಬಂದು, ಕಾಫಿ ಕುಡಿದು, ನನ್ನ ಖಾಲಿ ಅಂಗಡಿಯನ್ನು ಒಂದು ಸುತ್ತು ನೋಡಿ, "ನಮ್ಮ ಮಂಡೀಲಿ ಗುಮಾಸ್ತರ ಮೇಜೊಂದು ಖಾಲಿ ಇದೆ ಅಳಿಯಂದಿರೇ" ಅಂದು ಎದ್ದು ಹೋಗುತ್ತಿದ್ದರು. ಮಾವನ ಕೈಕೆಳಗೆ ಗುಮಾಸ್ತನಾಗುವುದಕ್ಕಿಂತ ಸಗಣಿ ಹೊರುವುದು ಮೇಲು ಅಂತ ಒಂದು ದಿನ ಹೆಂಡತಿಯ ಹತ್ತಿರ ಅಂದೆ. ಮಾತಿಗೆ ಅಂದದ್ದು. ದೇವರು ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡ.

ಊರ ಸುತ್ತ ಆಲೆಮನೆಗಳು. ಮಳೆಯಲ್ಲಿ ನೆನೆದು ಒಲೆಗೆ ಬಾರದ ಕಬ್ಬಿನ ಸಿಪ್ಪೆ, ಕೊಪ್ಪರಿಗೆಯ ಮೇಲಿಂದ ತೆಗೆದೆಸೆದ ಮಡ್ಡಿ ಅಲ್ಲಿ ರಾಶಿ ಬಿದ್ದಿರುತ್ತಿದ್ದವು. ಅಕ್ಕಿ ಗಿರಣಿಯ ಹಿಂದೆ ಭತ್ತದ ಹೊಟ್ಟು ಗುಡ್ಡವಾಗಿತ್ತು. ಇವನ್ನು ಸಗಣಿಯ ಜೊತೆ ಪದರ ಪದರವಾಗಿ ಗುಂಡಿಗೆ ಹಾಕಿ, ನೀರು ಹೊಡೆದು, ಮಣ್ಣು ಮೆತ್ತಿ, ಆಗಾಗ ತಿರುವಿಹಾಕಿದರೆ ನಾಲ್ಕು ತಿಂಗಳಲ್ಲಿ ಬಂಗಾರದಂಥ ಗೊಬ್ಬರ ಅಂತ ಗ್ರಾಮಸೇವಕರು ಹೇಳಿ, ಒಂದು ಕರಪತ್ರವನ್ನೂ ಕೈಗೆ ಕೊಟ್ಟರು. ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಎರಡು ಗುಂಡಿ ತೆಗೆಸಿದೆ. ಮಳವಳ್ಳಿ ರಸ್ತೆಯ ಒಂದು ಹಳ್ಳಿಯಲ್ಲಿ ಒಬ್ಬ ಗೌಡರಿದ್ದರು. ಅವರು ಯಾವ ಬಿತ್ತನೆ ಹಾಕಿದರೆ ಸುತ್ತಲಿನ ಹಳ್ಳಿಗಳೂ ಅದನ್ನೇ ಹಾಕುತ್ತಿದ್ದವು. ಅವರನ್ನು ಹೋಗಿ ಕಂಡೆ. "ಮೊದ್ಲು ಮಾಡಿ ಸೆಟ್ರೇ, ನಾಟಿಗೆ ಮುಂಚೆ ಬಂದು ನೋಡ್ತೀನಿ. ನಾನು ತಗಂಡ್ರೆ ಎಲ್ರೂ ತಗತಾರೆ" ಅಂದರು. ತಗೊಳ್ಳದಿದ್ದರೆ ಏನು ಅಂತ ಅವರು ಹೇಳಲಿಲ್ಲ. ಅದು ನನಗೆ ಗೊತ್ತಿತ್ತು. ಮಂಡ್ಯ, ಮಂಡಿ, ಮೇಜು.

ಶುಕ್ರವಾರದ ಸಗಣಿ

ಸಿಪ್ಪೆ ಬಂತು, ಹೊಟ್ಟು ಬಂತು, ಮಡ್ಡಿ ಬಂತು. ಸಗಣಿ ಬೇಕಲ್ಲ. ನಮ್ಮ ಗಾಡಿಯವನನ್ನು ಕರೆದುಕೊಂಡು ಹೊರಟೆ. ಗಾಡಿಯವನೆಂದರೆ ನನ್ನ ಅಂಗಡಿಗೆ ಹದಿನೈದು ವರ್ಷದಿಂದ ಮೂಟೆ ಹೊಡೆದವನು. ನನಗಿಂತ ಹಿರಿಯ, ಬಾಯಿ ನನಗಿಂತ ದೊಡ್ಡದು.

ಪೇಟೆಯ ಅಂಚಿನಲ್ಲಿ ಎಂಟು ರಾಸು ಕಟ್ಟಿದ್ದ ಒಬ್ಬಳು ಅಜ್ಜಿ. ಕೊಟ್ಟಿಗೆಯ ಹಿಂದೆ ಸಗಣಿ ಎದೆಯೆತ್ತರ ಬಿದ್ದಿತ್ತು. ನೋಡಿದರೆ ಕಣ್ಣು ತಂಪಾಗುವ ಹಾಗಿತ್ತು.

"ಅಜ್ಜಿ, ಗಾಡಿಗೆ ಇಷ್ಟು ಅಂತ ಕೊಡ್ತೀನಿ, ಇವತ್ತೇ ತುಂಬಿಸ್ತೀನಿ" ಅಂದೆ.

"ಇವತ್ತು ಸುಕ್ರವಾರ ಕನಪ್ಪ. ಸಗಣಿ ಅಂದ್ರೆ ಲಕ್ಸ್ಮಿ. ಸುಕ್ರವಾರ ಮನೆಯಿಂದ ಆಚೆ ಆಕಲ್ಲ."

ಸರಿ, ಶನಿವಾರ ಹೋದೆ. ಅಜ್ಜಿ ಮಗಳ ಮನೆಗೆ ಹೋಗಿದ್ದಳು. ಭಾನುವಾರ ಬಂದಳು, ಆದರೆ ಅವತ್ತು ಅಮಾವಾಸ್ಯೆ. ಸೋಮವಾರ ಅಜ್ಜಿ ಒಪ್ಪಿದಳು, ಗಾಡಿಯವನು ಒಪ್ಪಲಿಲ್ಲ. "ಸೋಮಾರ ಬಸಪ್ಪನ ದಿನ, ಎತ್ತಿನ ಎಗಲಿಗೆ ನೊಗ ಇಡಾಕಿಲ್ಲ. ನೀವೇ ಎಳೀತೀನಿ ಅಂದ್ರೆ ಗಾಡಿ ತಗಂಡೋಗಿ" ಅಂದ. ಮಂಗಳವಾರ ಮತ್ತೆ ಲಕ್ಷ್ಮಿ.

ಅಷ್ಟು ಹೊತ್ತಿಗೆ ನನ್ನ ಗುಂಡಿಯ ಸಿಪ್ಪೆ ಒಣಗಿ ಗಾಳಿಗೆ ಹಾರಿ ಪಕ್ಕದ ಮನೆಯ ಮೇಷ್ಟ್ರ ಅಂಗಳಕ್ಕೆ ಬೀಳುತ್ತಿತ್ತು. ನನಗೆ ತಡೆಯಲಿಲ್ಲ. ಮಂಗಳವಾರವೇ ಹೋಗಿ ಅಜ್ಜಿಯ ಜಗಲಿಯ ಮೇಲೆ ಕೂತೆ.

"ಅಲ್ಲಮ್ಮ, ವ್ಯಾಪಾರದಲ್ಲಿ ಇಷ್ಟೊಂದು ಶಾಸ್ತ್ರ ನೋಡಿದರೆ ಲೋಕ ನಡೆಯುತ್ತಾ?" ಅಂದೆ.

ಅಜ್ಜಿ ಎಲೆಗೆ ಸುಣ್ಣ ಸವರುತ್ತ ಹೇಳಿದಳು: "ಓದ ತಿಂಗ್ಳು ಒಂದು ಸುಕ್ರವಾರ ನಿಮ್ಮನೆಗೆ ಮೊಸರಿನ ಎಪ್ಪು ಕೇಳಾಕೆ ಬಂದಿದ್ದೆ. ನಿಮ್ಮನೆ ಅಮ್ಮಾರು, ಸುಕ್ರವಾರ ಎಪ್ಪು ಕೊಟ್ರೆ ಲಕ್ಸ್ಮಿ ಓಗ್ಬುಡ್ತಾಳೆ ಅಂದ್ರು. ಒಂದು ಚಮಚ ಎಪ್ಪಿಗೇ ಲಕ್ಸ್ಮಿ ಓಗಂಗಿದ್ರೆ, ಒಂದು ಗಾಡಿ ಸಗಣಿಗೆ ಮನೆ ಮಂದಿಯೆಲ್ಲ ಇಂದೆ ಓಗ್ಬೇಕಾಯ್ತದೆ ಕನಪ್ಪ."

ಬುಧವಾರ ಗಾಡಿ ತುಂಬಿದೆವು. ಆ ಬೆಳಿಗ್ಗೆ ಮೊದಲು ನನ್ನ ಹೆಂಡತಿಯ ಕೈಯಿಂದ ಒಂದು ಲೋಟ ಹೆಪ್ಪು ಅಜ್ಜಿಯ ಮನೆಗೆ ಹೋಯಿತು.

ಬಂಡೂರಿನ ಮಂದೆ

ಅಜ್ಜಿಯ ಸಗಣಿ ಒಂದು ಗುಂಡಿಗೆ ಸಾಕಾಯಿತು. ಎರಡನೆಯದಕ್ಕೆ? ಗಾಡಿಯವನೇ ದಾರಿ ಹೇಳಿದ. "ಕುರಿ ಪಿಚ್ಕೆಗಿಂತ ಬಿಸಿ ಗೊಬ್ಬರ ಯಾವ್ದದೆ? ಬಂಡೂರು ಕಡೆಯವರು ಮಂದೆ ಒಡ್ಕಂಡು ಬಂದವ್ರೆ. ರೈತರು ಒಲದಲ್ಲಿ ಮಂದೆ ನಿಲ್ಲುಸ್ಕಂಡಂಗೆ ನೀವೂ ನಿಲ್ಲುಸ್ಕಳಿ."

ಮಾತು ಸರಿಯಾಗಿತ್ತು. ಹೊಲದಲ್ಲಿ ಒಂದು ರಾತ್ರಿ ಕುರಿಮಂದೆ ತರುಬಿದರೆ ಬೆಳಗಾಗುವಷ್ಟರಲ್ಲಿ ಹೊಲಕ್ಕೆ ಗೊಬ್ಬರ. ಅದಕ್ಕೆ ಕುರಿಯವನಿಗೆ ರಾಗಿಯನ್ನೋ ಭತ್ತವನ್ನೋ ಅಳೆದು ಕೊಡುವುದು ನಮ್ಮ ಕಡೆಯ ಪದ್ಧತಿ. ನಾನು ಒಂದು ಹೆಜ್ಜೆ ಮುಂದೆ ಯೋಚಿಸಿದೆ. ಮಂದೆಯನ್ನು ಹೊಲದಲ್ಲೇಕೆ ನಿಲ್ಲಿಸಬೇಕು, ನೇರವಾಗಿ ನನ್ನ ಕಸದ ರಾಶಿಯ ಮೇಲೇ ನಿಲ್ಲಿಸಿದರೆ ಹೊರುವ ಕೂಲಿಯೂ ಉಳಿಯಿತಲ್ಲ. ಅದಕ್ಕೆಂದೇ ಆಲೆಮನೆಯಿಂದ ಹಸಿ ಕಬ್ಬಿನ ಸೋಗೆ ನಾಲ್ಕು ಗಾಡಿ ತರಿಸಿ, ಜಾಗದ ತುಂಬ ದಪ್ಪಗೆ ಹಾಸಿಗೆಯ ಹಾಗೆ ಹಾಸಿದೆ. ಮಾವನವರಿಗೆ ಈ ಬುದ್ಧಿ ಹೊಳೆಯುತ್ತಿತ್ತೇ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಸಂಜೆ ಮಂದೆ ಬಂತು. ಗಿಡ್ಡ ಕಾಲು, ದುಂಡು ಮೈ, ನೋಡುವುದಕ್ಕೆ ಮುದ್ದಾದ ಕುರಿಗಳು. ರಾಗಿ ಅಳೆದು ಕೊಟ್ಟು ಮನೆಗೆ ಬಂದೆ. ನಿದ್ದೆ ಹತ್ತಲಿಲ್ಲ, ಇಷ್ಟು ಕುರಿಗೆ ಇಷ್ಟು ಪಿಚ್ಕೆ ಅಂತ ಲೆಕ್ಕ ಹಾಕುತ್ತ ಹೊರಳಾಡಿದೆ.

ಬೆಳಿಗ್ಗೆ ಓಡಿಹೋಗಿ ನೋಡಿದರೆ ನೆಲ ಗುಡಿಸಿದ ಹಾಗಿದೆ. ನಾಲ್ಕು ಗಾಡಿ ಸೋಗೆಯಲ್ಲಿ ಒಂದು ಎಲೆ ಉಳಿದಿಲ್ಲ. ಅಲ್ಲಲ್ಲಿ ನಾಲ್ಕು ಪಿಚ್ಕೆ. ಕುರಿಗಳು ಹೊಟ್ಟೆ ಊದಿಸಿಕೊಂಡು ಎದ್ದು ನಿಲ್ಲಲಾರದೆ ಮಲಗಿವೆ. ಕುರಿಯವನು ಕಂಬಳಿ ಕೊಡವುತ್ತಿದ್ದ.

"ಏನಯ್ಯಾ ಇದು? ಗೊಬ್ಬರ ಹಾಕಲಿ ಅಂತ ಕರೆಸಿದರೆ ನನ್ನ ಸೋಗೇನೆಲ್ಲ ತಿನ್ನಿಸಿಬಿಟ್ಟೆಯಲ್ಲ?"

"ತಿನ್ನಿಸ್ನಿಲ್ಲ ಸಾಮಿ, ಅವೇ ತಿಂದ್ವು. ಅಸಿ ಸೋಗೆ ಆಸಿ ಅದ್ರ ಮ್ಯಾಲೆ ಕುರಿ ನಿಲ್ಸಿ, ತಿನ್ನಬ್ಯಾಡ ಅಂದ್ರೆ ಕೇಳಾವಾ?"

"ತಿಂದದ್ದು ಎಲ್ಲಿ ಹೋಯಿತು ಹಾಗಾದರೆ?"

"ಎಲ್ಲೋಯ್ತದೆ ಸಾಮಿ, ಒಟ್ಟೇಲೇ ಅದೆ. ನಾಳೆ ಬೀಳ್ತದೆ."

"ಸರಿ, ನಾಳೆ ತನಕ ಇಲ್ಲೇ ಇರು."

"ಅದೆಂಗಾಯ್ತದೆ? ನಾಳೆಗೆ ಬೇರೆಯವ್ರ ಒಲಕ್ಕೆ ಮಾತು ಕೊಟ್ಟಿವ್ನಿ. ರಾಗೀನೂ ಇಸ್ಕಂಡಿವ್ನಿ" ಅಂದ. ಸ್ವಲ್ಪ ಯೋಚನೆ ಮಾಡಿ, ನನ್ನ ಮುಖ ನೋಡಿ ಕರುಣೆ ಹುಟ್ಟಿ, "ಅವ್ರಿಗೆ ಏಳ್ತೀನಿ ಬುಡಿ ಸಾಮಿ, ಇದು ಮದ್ದೂರು ಸೆಟ್ರು ಕೊಟ್ಟಿದ್ದು ಅಂತ" ಅಂದ.

ಗುಂಡಿಯ ತಪಾಸಣೆ

ಅಂತೂ ಅಲ್ಲಿ ಇಲ್ಲಿ ಸಗಣಿ ಕೂಡಿಸಿ, ಗಂಜಲ ಹೊಯ್ದು ಎರಡೂ ಗುಂಡಿ ಮುಚ್ಚಿದೆ. ಆಮೇಲೆ ಕಾಯುವುದು. ನನ್ನ ಜನ್ಮಕ್ಕೆ ಬಾರದ ವಿದ್ಯೆ. ಗಳಿಗೆಗೊಂದು ಸಲ ಹೋಗಿ ಮಣ್ಣು ಕೆದಕಿ ಕೈ ಇಟ್ಟು ನೋಡುತ್ತಿದ್ದೆ. "ಒಲೆ ಮೇಲಿನ ಅನ್ನ ನೋಡ್ದಂಗೆ ನೋಡ್ತೀರಲ್ಲ ಸೆಟ್ರೇ, ನಾಲ್ಕು ತಿಂಗ್ಳಿಗೆ ಎಷ್ಟು ಸಲ ನೋಡ್ತೀರಿ?" ಅಂತ ಗಾಡಿಯವನು ರೇಗುತ್ತಿದ್ದ.

ಹತ್ತು ದಿನಕ್ಕೆ ಗುಂಡಿ ಕಾದು ಹಬೆಯಾಡತೊಡಗಿತು. ಜೊತೆಗೆ ವಾಸನೆ. ಸಗಣಿಯದಾದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಕಬ್ಬಿನ ಸಿಪ್ಪೆಯೂ ಬೆಲ್ಲದ ಮಡ್ಡಿಯೂ ಒಳಗೇ ಹುಳಿತು ಅಪ್ಪಟ ಸಾರಾಯಿಯ ವಾಸನೆ ಪೇಟೆಯ ತುಂಬ ಹಬ್ಬಿತು. ಕೆಲವರು ನನ್ನ ಅಂಗಡಿಯ ಮುಂದೆ ಬಂದು ಕೆಲಸವಿಲ್ಲದೆ ನಿಲ್ಲತೊಡಗಿದರು. ಗಾಳಿ ಬಂದಾಗ ಉಸಿರೆಳೆದುಕೊಂಡು ಹೋಗುತ್ತಿದ್ದರು.

ಅದೇ ಹೊತ್ತಿಗೆ ಗುಂಡಿ ತಿರುವಿಹಾಕುವ ದಿನವೂ ಬಂತು. ಆದರೆ ಆಳು ಎಲ್ಲಿ? ಕಬ್ಬು ಕಡಿಯುವ ಕಾಲ, ಎಲ್ಲರೂ ಗದ್ದೆಯಲ್ಲಿ. ಎರಡು ದಿನ ಊರೆಲ್ಲ ಸುತ್ತಿದೆ, ಗುದ್ದಲಿ ಹಿಡಿಯುವವನೊಬ್ಬ ಸಿಗಲಿಲ್ಲ. ತಿರುವದಿದ್ದರೆ ಒಳಗೆ ಕೊಳೆತು ಕೆಡುತ್ತದೆ. ಚಡಪಡಿಸುತ್ತ ಕೂತಿದ್ದೆ, ದಫೇದಾರರು ಇಬ್ಬರು ಪೇದೆಗಳ ಜೊತೆ ಬಂದರು.

"ಏನ್ರೀ ಶೆಟ್ರೇ, ಗೊಬ್ಬರದ ವ್ಯಾಪಾರ ಬಿಟ್ಟು ಬಟ್ಟಿ ಇಳಿಸ್ತಿದ್ದೀರಂತೆ?"

"ಅಯ್ಯೋ ಸ್ವಾಮಿ, ಅದು ಸಗಣಿ ಗುಂಡಿ."

"ಸಗಣಿ ಹೀಗೆ ವಾಸನೆ ಬರುತ್ತಾ? ನನಗೆ ಮೂಗಿಲ್ವಾ?" ಲಾಠಿಯನ್ನು ಗುಂಡಿಯೊಳಕ್ಕೆ ಚುಚ್ಚಿ ಎಳೆದರು. ತುದಿ ಮುಟ್ಟಿ ನೋಡಿ ಕೈ ಝಾಡಿಸಿದರು. "ಒಳಗೆ ಒಲೆ ಉರೀತಿದೆ. ಮಡಕೆ ಎಲ್ಲಿಟ್ಟಿದ್ದೀರಿ, ಹೇಳಿ."

"ಒಲೆ ಇಲ್ಲ ಸ್ವಾಮಿ, ಅದು ತಾನೇ ಕಾಯುತ್ತೆ."

"ತಾನೇ ಕಾಯೋಕೆ ಅದೇನು ನಿಮ್ಮ ಮಾವನಾ? ಅಗೀರಿ ಅದನ್ನ."

ಪೇದೆಗಳು ಅಂಗಿ ಬಿಚ್ಚಿ ಗುದ್ದಲಿ ಹಿಡಿದರು. ಒಳ್ಳೇ ರೈತರ ಮಕ್ಕಳು, ಕೈಯಲ್ಲಿ ಕಸುವಿತ್ತು. ಒಂದು ಗಂಟೆಯಲ್ಲಿ ಮೊದಲ ಗುಂಡಿಯ ಕೆಳಗಿನದು ಮೇಲೆ, ಮೇಲಿನದು ಕೆಳಗೆ. ಮಡಕೆ ಸಿಗಲಿಲ್ಲ. ಬೆವರು ಒರೆಸಿಕೊಳ್ಳುತ್ತ ಹೊರಟರು. ನಾನು ಹೋಗಿ ಎರಡನೆಯ ಗುಂಡಿಗೆ ಅಡ್ಡವಾಗಿ, ಏನನ್ನೋ ಮುಚ್ಚಿಕೊಂಡವನ ಹಾಗೆ ನಿಂತೆ.

ದಫೇದಾರರು ನಿಂತರು. "ಅದರಲ್ಲೇನಿದೆ?"

"ಅದರಲ್ಲೂ ಸಗಣೀನೇ ಸ್ವಾಮಿ. ಅದನ್ನು ಮಾತ್ರ ಅಗೀಬೇಡಿ."

ಅದನ್ನೂ ಅಗೆದರು. ಮೊದಲಿನದಕ್ಕಿಂತ ಆಳವಾಗಿ, ಮೂಲೆ ಮೂಲೆ ಬಿಡದೆ ಅಗೆದರು. ನಾನೇ ಎಲ್ಲರಿಗೂ ಮಜ್ಜಿಗೆ ತರಿಸಿಕೊಟ್ಟೆ. ಹೋಗುವಾಗ ದಫೇದಾರರು ಬೆರಳೆತ್ತಿ, "ಇನ್ನೊಂದು ಸಲ ವಾಸನೆ ಬಂದರೆ ಮತ್ತೆ ಬರ್ತೀವಿ, ಹುಷಾರು" ಅಂದರು.

"ಬನ್ನಿ ಸ್ವಾಮಿ" ಅಂದೆ, "ಒಂದು ತಿಂಗಳು ಬಿಟ್ಟು ಬನ್ನಿ, ಆಗ ಇನ್ನೊಂದು ಸಲ ತಿರುವಬೇಕು."

ಮೇಷ್ಟ್ರ ಅರ್ಜಿ

ಪಕ್ಕದ ಮನೆಯ ಮೇಷ್ಟ್ರು ಬಹಳ ಶುಚಿಯ ಮನುಷ್ಯ. ನನ್ನ ಗುಂಡಿಯ ವಿಷಯದಲ್ಲಿ ಪುರಸಭೆಗೆ ಮೂರು ಪುಟದ ಅರ್ಜಿ ಬರೆದಿದ್ದರು. ಗುಂಡಿ ಮುಚ್ಚಿಸಬೇಕು, ಕಸ ಊರಾಚೆ ಎಸೆಯಬೇಕು, ಇಲ್ಲದಿದ್ದರೆ ಮನೆಮಂದಿಗೆ ಕಾಯಿಲೆ ಖಂಡಿತ ಅಂತ. ಅಕ್ಷರ ಎಷ್ಟು ದುಂಡಗಿತ್ತೆಂದರೆ ಆಫೀಸಿನವರು ಓದದೆ ಬಿಡುವ ಹಾಗಿರಲಿಲ್ಲ. ಹೆಲ್ತ್ ಇನ್‌ಸ್ಪೆಕ್ಟರು ಬಂದೇಬಿಟ್ಟರು. ಗುಂಡಿ ಮುಚ್ಚಿಸಿದರೆ ನನ್ನ ಕತೆಯೂ ಅವತ್ತಿಗೆ ಮುಚ್ಚಿದ ಹಾಗೆ.

ಮೇಷ್ಟ್ರು ಮುಂದೆ ನಿಂತು ತೋರಿಸಿದರು: "ನೋಡಿ ಸಾರ್, ಹುಳ. ನೋಡಿ ಸಾರ್, ಹಬೆ. ಈ ಹೊಲಸಿನ ಪಕ್ಕ ಮನುಷ್ಯರು ಬಾಳೋದು ಹೇಗೆ?"

ಇನ್‌ಸ್ಪೆಕ್ಟರು ಮೂಗಿಗೆ ಕರವಸ್ತ್ರ ಹಿಡಿದು, ಆಳ ನೋಡೋಣವೆಂದು ಒಂದು ಬಿದಿರ ಗಳು ತೆಗೆದುಕೊಂಡು ಮೇಷ್ಟ್ರ ಬೇಲಿಯ ಕಡೆಯ ಮೂಲೆಯಲ್ಲಿ ಚುಚ್ಚಿದರು. ಠಣ್ ಅಂತು.

ಇನ್ನೊಂದು ಸಲ ಚುಚ್ಚಿದರು. ಠಣ್. ಗಾಡಿಯವನು ಕೈಯಿಂದ ಕೆದಕಿದ. ಒಂದು ತಾಮ್ರದ ಹಂಡೆಯ ಬಾಯಿ ಕಂಡಿತು, ಬಟ್ಟೆ ಕಟ್ಟಿ ತಟ್ಟೆ ಮುಚ್ಚಿತ್ತು. ತೆಗೆದರೆ ತುಂಬ ಕುದಿಹದದ ನೀರು. ಹಂಡೆಯ ಕಂಠದ ಮೇಲೆ, ಮದುವೆಯಲ್ಲಿ ಕೊಟ್ಟ ಪಾತ್ರೆಗಳ ಮೇಲೆ ಕೊರೆಸುತ್ತಾರಲ್ಲ, ಹಾಗೆ ಹೆಸರು ಕೊರೆದಿತ್ತು. ಇನ್‌ಸ್ಪೆಕ್ಟರು ಬಗ್ಗಿ ಓದಿ, ಕೈಯಲ್ಲಿದ್ದ ಅರ್ಜಿಯ ಕೊನೆಯ ರುಜು ನೋಡಿದರು. ಎರಡೂ ಒಂದೇ ಹೆಸರು.

ಮೇಷ್ಟ್ರ ಮುಖ ನೋಡಬೇಕಿತ್ತು. "ಇದು... ಇದು ಹೇಗೆ ಇಲ್ಲಿ..." ಅಂದರು. ಒಂದು ತಿಂಗಳಿಂದ ಸೌದೆ ಉಳಿಸುತ್ತಿರುವ ಹೆಂಡತಿಯ ಜಾಣತನವನ್ನು ಶಾಲೆಯಲ್ಲೆಲ್ಲ ಹೊಗಳಿಕೊಂಡು ತಿರುಗಿದವರು ಅವರೇ.

ಬೇಲಿಯ ಸಂದಿಯಿಂದ ಮೇಷ್ಟ್ರ ಹೆಂಡತಿ ತಲೆ ಹಾಕಿದರು. ಸೆರಗು ಸರಿಮಾಡಿಕೊಂಡು, ಬಹಳ ವಿನಯದಿಂದ ಹೇಳಿದರು: "ಸಾರ್, ನೋಡಿದ್ದಾದರೆ ಸ್ವಲ್ಪ ಮುಚ್ಚಿಬಿಡ್ತೀರಾ? ಆರಿಹೋಗುತ್ತೆ. ಅವರದಿನ್ನೂ ಸ್ನಾನ ಆಗಿಲ್ಲ."

ಕಳ್ಳನ ಪತ್ತೆ

ಮೂರನೆಯ ತಿಂಗಳು. ನೆಲದ ಮೇಲೆ ಆಳೆತ್ತರ ಇದ್ದ ರಾಶಿ ಮೊಳಕಾಲಿಗೆ ಬಂದಿತ್ತು. ಗೌಡರ ಹಳ್ಳಿಗಳಿಗೆಲ್ಲ ಸಾಲುವಷ್ಟು ಇದೆ ಅಂತ ಲೆಕ್ಕ ಹಾಕಿದ್ದೆ, ಇದು ಅವರ ಒಂದು ಗದ್ದೆಗೆ ಸಾಲುವುದೂ ಅನುಮಾನ. ಒಂದು ಬಿದಿರ ಗಳುವಿಗೆ ಸುಣ್ಣದಲ್ಲಿ ಗುರುತು ಹಾಕಿ ನೆಟ್ಟೆ. ದಿನಾ ಬೆಳಿಗ್ಗೆ ಗುರುತಿಗಿಂತ ಒಂದು ಬೆರಳು ಕೆಳಗೆ. ಯಾರೋ ಕದಿಯುತ್ತಿದ್ದಾನೆ, ಸಂದೇಹವೇ ಇಲ್ಲ.

ಯಾರು? ಗಾಡಿ ಇರುವವನು. ನಮ್ಮ ಗಾಡಿಯವನಿಗೆ ಹಿತ್ತಲಲ್ಲಿ ಮೆಣಸಿನಕಾಯಿ ಮಡಿ ಇತ್ತು, ಆ ವರ್ಷ ಗಿಡ ಸೊಂಟದೆತ್ತರ ಬಂದಿದ್ದವು. ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುವವನಂತೆ ಹೋಗಿ, ಹಿಂದಿನಿಂದ ಬಂದು ಸಿಪ್ಪೆಯ ಕಂತೆಗಳ ಮರೆಯಲ್ಲಿ ಕೂತೆ. ಬಿಸಿಲು, ನೊಣ, ಇರುವೆ. ಒಂದು ಗಂಟೆ ಕೂತರೂ ಯಾರೂ ಬರಲಿಲ್ಲ. ಕಾಲು ಜೋಮು ಹಿಡಿದು ಇತ್ತ ತಿರುಗಿದರೆ, ನಾಲ್ಕು ಮಾರು ಆಚೆ, ಇನ್ನೊಂದು ಕಂತೆಯ ಮರೆಯಲ್ಲಿ ಟವೆಲ್ಲು ತಲೆಗೆ ಹಾಕಿಕೊಂಡು ಗಾಡಿಯವನು ಕುಕ್ಕರಗಾಲಲ್ಲಿ ಕೂತಿದ್ದಾನೆ.

"ಏನ್ಲಾ ಮಾಡ್ತಿದ್ದೀಯ ಇಲ್ಲಿ?"

"ನೀವೇನ್ ಮಾಡ್ತಿದ್ದೀರಿ?"

"ಕಳ್ಳನ್ನ ಕಾಯ್ತಿದ್ದೀನಿ."

"ನಾನೂ ಕಳ್ಳನ್ನೇ ಕಾಯ್ತಾ ಇವ್ನಿ" ಅಂದ. ಆಮೇಲೆ ನೆಲ ನೋಡಿಕೊಂಡು ಹೇಳಿದ: "ನಂಗೇಳ್ದೆ ಬೇರೆ ಗಾಡೀಲಿ ಸಾಗುಸ್ತಾ ಇದ್ದೀರೇನೋ ಅಂತ, ಎಂಟು ದಿಸದಿಂದ ನಿಮ್ಮುನ್ನೇ ಕಾಯ್ತಾ ಇದ್ದೆ."

ಇಬ್ಬರೂ ಎದ್ದು ಗ್ರಾಮಸೇವಕರ ಹತ್ತಿರ ಹೋದೆವು. ಅವರು ನಕ್ಕರು. "ಕಳಿತಾ ಕಳಿತಾ ಕುಗ್ಗುತ್ತೆ ಶೆಟ್ರೇ. ಮೂರು ಪಾಲು ಹಾಕಿದರೆ ಉಳಿಯೋದು ಒಂದು ಪಾಲು. ಕರಪತ್ರದ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದೆಯಲ್ಲ, ನೋಡಲಿಲ್ವಾ?"

ಆ ಕರಪತ್ರವನ್ನು ಅವರು ಕೊಟ್ಟ ದಿನವೇ, ಹರಿಯದಿರಲಿ ಅಂತ, ಮೈದಾ ಹಿಟ್ಟಿನ ಅಂಟು ಬಳಿದು ಅಂಗಡಿಯ ಗೋಡೆಗೆ ಮೆತ್ತಿದ್ದೆ. ಅಂಗಡಿಗೆ ವಾಪಸು ಬಂದಾಗ ಗಾಡಿಯವನು ಅದರ ಮುಂದೆ ನಿಂತು ಒಂದು ಕ್ಷಣ ನೋಡಿ ಅಂದ: "ಕಳ್ಳ ಮೂರು ತಿಂಗ್ಳಿಂದ ಗ್ವಾಡೆ ಕಡೆ ಮಕ ಮಾಡ್ಕಂಡು ನಿಂತವ್ನೆ ಬುಡಿ."

ಗೌಡರು ಬಂದರು

ನಾಲ್ಕು ತಿಂಗಳಾಯಿತು. ಗುಂಡಿ ತೆಗೆದರೆ ಕಣ್ಣಿಗೆ ಹಬ್ಬ. ಸಿಪ್ಪೆ ಯಾವುದು, ಸಗಣಿ ಯಾವುದು ಗೊತ್ತಾಗದ ಹಾಗೆ ಕಳಿತು, ಕಪ್ಪಗೆ, ಕೈಯಲ್ಲಿ ಹಿಡಿದರೆ ಕಾಫಿಪುಡಿಯ ಹಾಗೆ ಉದುರುತ್ತಿತ್ತು. ವಾಸನೆ ಚೂರೂ ಇಲ್ಲ. ಗ್ರಾಮಸೇವಕರು ಕೂಡ ಮೊದಲ ಸಲ ಕೈಯಲ್ಲಿ ಮುಟ್ಟಿದರು.

ಗೌಡರು ಹೇಳಿದ ಹಾಗೆ ಬಂದರು, ಜೊತೆಗೆ ಹಳ್ಳಿಯ ನಾಲ್ಕು ಜನ. ಗುಂಡಿಯ ಪಕ್ಕ ಕೂತು ಒಂದು ಹಿಡಿ ತೆಗೆದುಕೊಂಡರು. ಉಜ್ಜಿದರು. ಮೂಸಿದರು. ಕೈ ಬದಲಾಯಿಸಿ ಇನ್ನೊಂದು ಸಲ ಮೂಸಿದರು.

"ವಾಸ್ನೆ ಎಲ್ಲಿ ಸೆಟ್ರೇ?"

"ಚೆನ್ನಾಗಿ ಕಳಿತರೆ ವಾಸನೆ ಹೋಗುತ್ತೆ ಗೌಡರೇ. ಅದೇ ಗುರುತು."

"ನಮ್ಮ ತಿಪ್ಪೆ ಗೊಬ್ಬರ ಗಾಡಿಗಾಕಿದ್ರೆ ಮೂರು ಊರಿಗೆ ಗೊತ್ತಾಯ್ತದೆ. ವಾಸ್ನೆ ಇದ್ರೆ ಸತ್ವ. ಇದು ಮಣ್ಣು." ಕೈ ಕೊಡವಿ ಎದ್ದರು. ಸಿಟ್ಟಿಲ್ಲ, ಮರುಕ. "ಮಣ್ಣು ನಮ್ಮತ್ರಾನೇ ಬೇಕಾದಷ್ಟದೆ ಸೆಟ್ರೇ. ಪುಗಸಟ್ಟೆ ಕೊಟ್ರೂ ಬ್ಯಾಡ." ಜೊತೆಗಿದ್ದ ನಾಲ್ಕು ಜನವೂ ಒಂದೊಂದು ಹಿಡಿ ಮೂಸಿ, ಒಂದೊಂದು ಸಲ ತಲೆಯಲ್ಲಾಡಿಸಿ ಹಿಂದೆ ಹೋದರು.

ಆ ಭಾನುವಾರ ಮಾವನವರು ಕಾಫಿಯನ್ನೂ ಕುಡಿಯಲಿಲ್ಲ. "ಮೇಜು ಒರೆಸಿಟ್ಟಿದ್ದೀನಿ" ಅಂದರು. ಹೆಂಡತಿ ನನ್ನ ಬಟ್ಟೆ ಮಡಿಸತೊಡಗಿದಳು.

ಮೂರು ದಿನ ಅಂಗಡಿಯಲ್ಲಿ ಅತ್ತಿಂದಿತ್ತ ಓಡಾಡಿದೆ. ಮಾಲು ಕೆಟ್ಟಿದ್ದರೆ ಎಸೆದು ಕೂರಬಹುದಿತ್ತು. ಮಾಲು ಚೆನ್ನಾಗಿದೆ, ಅದೇ ಸಂಕಟ. ಹಾಗೆ ಓಡಾಡುತ್ತಿರುವಾಗ ನೆನಪಾಯಿತು: ಅಪರೂಪಕ್ಕೆ ಸೀಮೆಗೊಬ್ಬರದ ಲಾರಿ ಬಂದ ದಿನ ಜನ ಮೂಟೆಯಲ್ಲಿ ಏನಿದೆ ಅಂತ ಮೂಸಿ ನೋಡುತ್ತಿದ್ದರೇ? ಹೊಲಿಗೆ ಹಾಕಿದ ಬಾಯಿ ನೋಡಿ ಹೊತ್ತುಕೊಂಡು ಓಡುತ್ತಿದ್ದರು. ಇಲ್ಲ ಅಂದಷ್ಟೂ ಬೇಕು ಅನ್ನುತ್ತಿದ್ದರು.

ಗೊಬ್ಬರವನ್ನೆಲ್ಲ ಗೋಣಿಚೀಲಕ್ಕೆ ತುಂಬಿಸಿದೆ. ಬಾಯಿ ಹೊಲಿಸಿದೆ. ಅಂಗಡಿಯೊಳಗೆ ಪೇರಿಸಿ, ಬಾಗಿಲು ಅರ್ಧ ಮಾತ್ರ ತೆಗೆದೆ. ಗಾಡಿಯವನಿಗೆ ಹೇಳಿದೆ: "ಯಾರಾದರೂ ಬಂದರೆ, ಇವತ್ತು ಮಾರಾಟಕ್ಕಿಲ್ಲ ಅನ್ನು. ಒಳಗೇನಿದೆ ಅಂತ ಕೇಳಿದರೆ ಸುಳ್ಳು ಹೇಳಬೇಡ, ಇದ್ದದ್ದೇ ಹೇಳು."

ಮೊದಲ ದಿನ ಇಬ್ಬರು ಇಣುಕಿದರು. "ಮೂಟೇಲೇನಣ್ಣ?"

"ಸಗಣಿ, ಕಬ್ಬಿನ ಸಿಪ್ಪೆ" ಅಂದ ಗಾಡಿಯವನು.

"ಸಗಣಿಗೆ ಯಾವನ್ಲಾ ಒಲಿಗೆ ಆಕ್ತಾನೆ? ನಮ್ಗೇಳಾಕೆ ಬರ್ತಾನೆ." ಹೋಗಿ ನಾಲ್ಕು ಜನಕ್ಕೆ ಹೇಳಿದರು. ಮಾರನೆಯ ದಿನ ಹತ್ತು ಜನ. ಮೂರನೆಯ ದಿನ ಬೀದಿಯ ತಿರುವಿನ ತನಕ ಸಾಲು. ನಾಲ್ಕನೆಯ ದಿನ ಅಂಗಡಿಯ ಹಿತ್ತಲ ಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು. ತೆಗೆದರೆ ಗೌಡರು. ಕೈಯಲ್ಲಿ ಒಂದು ಬಾಳೆಗೊನೆ.

"ಸೆಟ್ರೇ, ಹಳೇ ಗುರುತು. ಸಾಲಲ್ಲಿ ನಿಲ್ಲಾಕಾಯ್ತದಾ ನಾನು? ನಲವತ್ತು ಮೂಟೆ ನಂಗೆ ಬುಟ್ಟು ಮಿಕ್ಕಿದ್ದು ಅವ್ರಿಗೆ ಕೊಡಿ."

ವ್ಯಾಪಾರಸ್ಥನಾದರೂ ನನಗೊಂದು ಲೆಕ್ಕವಿದೆ. ಸುಳ್ಳು ಹೇಳಿ ಮಾರಿದ ಮಾಲು ಒಂದೇ ಸಲ ಹೋಗುತ್ತದೆ. "ಗೌಡರೇ, ಮುಚ್ಚಿಡೋದಿಲ್ಲ. ಇದು ಅವತ್ತು ನೀವು ಮೂಸಿ ಬೇಡ ಅಂದದ್ದೇ" ಅಂದೆ.

ಗೌಡರು ಸಾಲಿನ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ, "ಅಂಗೇ ಅನ್ನಿ ಬುಡಿ, ಎಲ್ರಿಗೂ ಅಂಗೇ ಅನ್ನಿ. ನಂಗೊತ್ತಾಯ್ತದೆ" ಅಂದು ಕಣ್ಣು ಹೊಡೆದರು. ಒಂದು ಮೂಟೆ ಬಿಚ್ಚಿ ತೋರಿಸುತ್ತೇನೆ ಅಂದರೂ ಬಿಡಲಿಲ್ಲ, "ಒಲಿಗೆ ಬಿಚ್ಚಿದ್ರೆ ಸತ್ವ ಓಯ್ತದೆ" ಅಂದರು. ಒಂದು ವಾರದಲ್ಲಿ ಅಂಗಡಿ ಖಾಲಿಯಾಯಿತು. ಮತ್ತೆರಡು ಗುಂಡಿ ತೆಗೆಸಿದೆ. ಮಾವನವರು ಆ ಮೇಜಿಗೆ ತಮ್ಮ ತಂಗಿಯ ಅಳಿಯನನ್ನು ಹುಡುಕಿಕೊಂಡರು.

ಆ ವರ್ಷ ಗೌಡರ ಭತ್ತ ರಸ್ತೆಯಲ್ಲಿ ಹೋಗುವ ಬಸ್ಸಿನವರು ತಲೆ ಹೊರಗೆ ಹಾಕಿ ನೋಡುವ ಹಾಗೆ ಬಂತು. ಕೊಯ್ಲು ಮುಗಿಸಿ ಒಂದು ದಿನ ಅಂಗಡಿಗೆ ಬಂದು, ಎಲೆಯಡಿಕೆ ಹಾಕಿಕೊಂಡು, ನನ್ನ ಪಕ್ಕಕ್ಕೆ ಸರಿದು ಕೂತು, ಮನೆಯ ಹಿರಿಯರು ಬುದ್ಧಿ ಹೇಳುವ ದನಿಯಲ್ಲಿ ಹೇಳಿದರು:

"ಸೆಟ್ರೇ, ನಿಮ್ಮ ಒಳ್ಳೇದಕ್ಕೆ ಏಳ್ತೀನಿ, ತಪ್ಪು ತಿಳ್ಕಬ್ಯಾಡಿ. ಈ ಮೂಟೆ ಗೊಬ್ಬರ ಎಷ್ಟು ಬೇಕಾದ್ರೂ ಮಾರಿ. ಅವತ್ತು ಇತ್ಲಲ್ಲಿ ತೋರುಸುದ್ರಲ್ಲ, ಆ ಮಣ್ಣು, ಅದನ್ನ ಮಾತ್ರ ಇನ್ಯಾರಿಗೂ ತೋರುಸ್ಬ್ಯಾಡಿ. ಕಟ್ಟಿದ ಎಸ್ರು ಕೆಡ್ತದೆ."